ಯುದ್ಧ ಮುಗಿದರೂ ನೆಮ್ಮದಿ ಇಲ್ಲ ಯಾಕೆ? ರಷ್ಯನ್ ಕಾದಂಬರಿಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಕನ್ನಡದಲ್ಲಿ ಓದಿ ಮುಗಿಸಿದೆ. ಕೊನೆಯಲ್ಲಿ ಮನೆ, ಮಕ್ಕಳು, ಸಂಸಾರ ಬರುತ್ತದೆ. ಶಾಂತಿ ಅಂದರೆ ಇದು ಎಂದು ಸಮಾಧಾನವಾಯಿತು. ಆಮೇಲೆ ಇಪ್ಪತ್ತನೇ ಶತಮಾನದ ಎರಡು ರಷ್ಯನ್ ಕಾದಂಬರಿ ಓದಿದೆ. ಬರೀ ಯುದ್ಧ, ಕ್ಯಾಂಪು, ಹಿಮ, ಭಯ. ಯುದ್ಧ ಮುಗಿದರೂ ಯಾರಿಗೂ ನೆಮ್ಮದಿ ಇಲ್ಲ. ಈ ಲೇಖಕರಿಗೆ ಶಾಂತಿಯ ಬಗ್ಗೆ ಹೇಳುವುದು ಏನೂ ಇರಲಿಲ್ಲವೇ? ಇದ್ದರೆ ಎಲ್ಲಿ ಹುಡುಕಬೇಕು? ಯಾವುದರಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಮೊದಲು ‘ಶಾಂತಿ’ ಎಂದಿರಿ, ಎರಡು ಸಾಲು ಕಳೆದ ಮೇಲೆ ‘ನೆಮ್ಮದಿ’ ಎಂದಿರಿ. ಕನ್ನಡದಲ್ಲಿ ಇವೆರಡೂ ಒಂದೇ ಅಲ್ಲ, ಅಲ್ವಾ? ದೇಶ ದೇಶಗಳ ನಡುವೆ ಆಗುವುದು ಶಾಂತಿ ಒಪ್ಪಂದ. ನೆಮ್ಮದಿ ಒಪ್ಪಂದ ಎಂದು ಯಾರೂ ಹೇಳುವುದಿಲ್ಲ. ಹೊರಗೆ ಹೋದ ಮಗ ತಡರಾತ್ರಿ ಬಂದು ಊಟ ಮಾಡಿ ಮಲಗಿದ ಮೇಲೆ ತಾಯಿಗೆ ಆಗುವುದು ನೆಮ್ಮದಿ. ರಷ್ಯನ್ ಭಾಷೆಯಲ್ಲೂ ಹೀಗೆ ಎರಡು ಪದ ಇವೆ. ‘ಮಿರ್’ ಅಂದರೆ ಶಾಂತಿ. ‘ಪಕೋಯ್’ ಅಂದರೆ ಹೆಚ್ಚುಕಡಿಮೆ ನಮ್ಮ ನೆಮ್ಮದಿ. ಇಪ್ಪತ್ತನೇ ಶತಮಾನದಲ್ಲಿ ಮೊದಲನೆಯ ಪದವನ್ನು ಸರ್ಕಾರ ತನ್ನ ಹತ್ತಿರ ಇಟ್ಟುಕೊಂಡಿತು. ಕಾದಂಬರಿಕಾರರು ಎರಡನೆಯದನ್ನು ಹುಡುಕಿಕೊಂಡು ಹೋದರು. ನೀವು ಹುಡುಕುತ್ತಿರುವ ಶಾಂತಿ ಆ ಪುಸ್ತಕಗಳಲ್ಲಿ ಇದೆ. ಹೆಸರು ಬೇರೆ, ಗಾತ್ರ ಚಿಕ್ಕದು. ಅದಕ್ಕೇ ಕಣ್ಣಿಗೆ ಬಿದ್ದಿಲ್ಲ.

‘ಮಿರ್’ ಪದದ ಕಥೆಯನ್ನು ಸ್ವಲ್ಪ ಹೇಳಬೇಕು. ಈ ಪದಕ್ಕೆ ಶಾಂತಿ ಎಂಬ ಅರ್ಥವೂ ಇದೆ, ಜಗತ್ತು ಎಂಬ ಅರ್ಥವೂ ಇದೆ. ಹಳ್ಳಿಯ ರೈತರೆಲ್ಲ ಸೇರಿ ಜಮೀನು ಹಂಚಿಕೊಳ್ಳುತ್ತಿದ್ದ ಊರ ಕೂಟಕ್ಕೂ ಮಿರ್ ಎಂದೇ ಹೆಸರು. ಮೊದಲು ಶಾಂತಿಗೆ ಒಂದು ಕಾಗುಣಿತ, ಜಗತ್ತಿಗೆ ಇನ್ನೊಂದು ಕಾಗುಣಿತ ಇತ್ತು. 1918ರಲ್ಲಿ ಬರವಣಿಗೆಯನ್ನು ಸರಳ ಮಾಡಿದಾಗ ಎರಡೂ ಒಂದೇ ಆದವು. ಟಾಲ್‌ಸ್ಟಾಯ್ ತಮ್ಮ ಪುಸ್ತಕದ ಹೆಸರಿಗೆ ಬಳಸಿದ್ದು ಶಾಂತಿಯ ಕಾಗುಣಿತವನ್ನೇ. ಅದು ‘ಯುದ್ಧ ಮತ್ತು ಜಗತ್ತು’ ಎಂದು ಆಗಾಗ ಯಾರಾದರೂ ವಾದ ಹೂಡುತ್ತಾರೆ. ಅದು ತಪ್ಪು.

ಇನ್ನು ಸರ್ಕಾರದ ವಿಷಯ. 1917ರ ನವೆಂಬರ್ 8ರಂದು, ಅಂದರೆ ಕ್ರಾಂತಿಯ ಮರುದಿನ, ಹೊಸ ಸರ್ಕಾರ ಹೊರಡಿಸಿದ ಮೊಟ್ಟಮೊದಲ ಆಜ್ಞೆಯ ಹೆಸರೇ ‘ಶಾಂತಿಯ ಆಜ್ಞೆ’. ಆ ಹೊತ್ತಿಗೆ ಕಂದಕಗಳಲ್ಲಿ ಮೂರು ವರ್ಷ ಕೊಳೆತಿದ್ದ ಸೈನಿಕರಿಗೆ ಅದಕ್ಕಿಂತ ಸಿಹಿಯಾದ ಮಾತು ಇರಲಿಲ್ಲ. 1918ರ ಮಾರ್ಚ್‌ನಲ್ಲಿ ಜರ್ಮನಿಯ ಜೊತೆ ಒಪ್ಪಂದವೂ ಆಯಿತು. ಆದರೆ ಮನೆಗೆ ಬಂದ ಸೈನಿಕನಿಗೆ ಕಾದಿದ್ದು ಅಂತರ್ಯುದ್ಧ. ಅದು ಅಣ್ಣ ತಮ್ಮಂದಿರನ್ನೇ ಎದುರುಬದುರು ನಿಲ್ಲಿಸಿತು. ಮುಂದೆ ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2 ಕೋಟಿ 70 ಲಕ್ಷ ಜನರನ್ನು ಕಳೆದುಕೊಂಡಿತು. ಅದಾದ ಮೇಲೆ ಗೋಡೆ ಗೋಡೆಯ ಮೇಲೆ ‘ಮೀರು ಮಿರ್’ ಎಂಬ ಪೋಸ್ಟರ್ ಬಂತು. ಜಗತ್ತಿಗೆ ಶಾಂತಿ ಎಂದು ಅರ್ಥ. ‘ಶಾಂತಿಗಾಗಿ ಹೋರಾಟ’ ಎಂಬುದು ದಿನಪತ್ರಿಕೆಯ ನಿತ್ಯದ ಮಾತಾಯಿತು. ಜನ ತಮ್ಮೊಳಗೆ ಹೇಳಿಕೊಳ್ಳುತ್ತಿದ್ದ ಮಾತು ಬೇರೆ: ‘ಯುದ್ಧ ಒಂದು ಬಾರದಿದ್ದರೆ ಸಾಕು.’ ಅಂಗಡಿಯಲ್ಲಿ ಸಾಮಾನು ಇಲ್ಲ, ಒಂದೇ ಫ್ಲಾಟಿನಲ್ಲಿ ನಾಲ್ಕು ಸಂಸಾರ. ಇರಲಿ, ಯುದ್ಧ ಒಂದು ಬಾರದಿದ್ದರೆ ಸಾಕು. ಪೋಸ್ಟರಿನ ಮಾತಿಗೂ ಅಡುಗೆಮನೆಯ ಮಾತಿಗೂ ನಡುವೆ ಇರುವ ದೂರವನ್ನು ಗಮನಿಸಿ. ಒಳ್ಳೆಯ ಕಾದಂಬರಿಗಳೆಲ್ಲ ಅಡುಗೆಮನೆಯ ಕಡೆಯಿಂದ ಬರೆದವು.

ಇದರ ಬೇರು ಟಾಲ್‌ಸ್ಟಾಯ್ ಅವರಲ್ಲೇ ಇದೆ. ನೀವು ಓದಿದ ಪುಸ್ತಕದ ಕೊನೆಯ ಭಾಗ ನೆನಪು ಮಾಡಿಕೊಳ್ಳಿ. ನತಾಶಾ ಮಗುವಿನ ಬಟ್ಟೆ ಹಿಡಿದುಕೊಂಡು ಓಡಿ ಬರುತ್ತಾಳೆ. ಅದರ ಮೇಲೆ ಹಸಿರು ಕಲೆ ಹೋಗಿ ಹಳದಿ ಕಲೆ ಬಂದಿದೆ. ಅಂದರೆ ಮಗುವಿನ ಹೊಟ್ಟೆ ಸರಿಯಾಗಿದೆ. ನೆಪೋಲಿಯನ್ನನ ಸೈನ್ಯ, ಮಾಸ್ಕೋದ ಬೆಂಕಿ ಎಲ್ಲ ಆದ ಮೇಲೆ ಶಾಂತಿಯ ಗುರುತು ಅದು. ಇಷ್ಟು ಸಣ್ಣ ವಿಷಯವನ್ನು ಅಷ್ಟು ದೊಡ್ಡ ಪುಸ್ತಕದ ಕೊನೆಗೆ ತಂದು ಇಡುವುದಕ್ಕೆ ಧೈರ್ಯ ಬೇಕು. ಆದರೆ ಅಲ್ಲೂ ನೆಲ ಗಟ್ಟಿಯಾಗಿಲ್ಲ. ಅವಳ ಗಂಡ ಪಿಯೆರ್ ಪೀಟರ್ಸ್‌ಬರ್ಗಿನಲ್ಲಿ ಗುಟ್ಟಾದ ಸಂಘದ ಸಹವಾಸ ಮಾಡಿ ಬಂದಿದ್ದಾನೆ. ಇಂಥ ಸಂಘದವರು ಝಾರ್ ದೊರೆಯ ವಿರುದ್ಧ ಎದ್ದು ಸೋತ 1825ರ ದಂಗೆ ಇನ್ನು ಐದು ವರ್ಷ ದೂರ. ಓದುಗರಿಗೆ ಅದು ಗೊತ್ತು, ನತಾಶಾಗೆ ಗೊತ್ತಿಲ್ಲ.

‘ಪಕೋಯ್’ ಪದಕ್ಕೂ ಹಳೆಯ ಕಥೆ ಇದೆ. ಕವಿ ಪುಷ್ಕಿನ್ 1834ರಲ್ಲಿ ಹೆಂಡತಿಗಾಗಿ ಬರೆದ ಒಂದು ಪದ್ಯದಲ್ಲಿ, ಈ ಲೋಕದಲ್ಲಿ ಸುಖ ಅನ್ನುವುದು ಇಲ್ಲ, ಆದರೆ ನೆಮ್ಮದಿ ಇದೆ, ಸ್ವಾತಂತ್ರ್ಯ ಇದೆ ಎಂದು ಹೇಳಿದರು. 1921ರ ಫೆಬ್ರವರಿಯಲ್ಲಿ ಕವಿ ಅಲೆಕ್ಸಾಂದರ್ ಬ್ಲೋಕ್ ಪುಷ್ಕಿನ್ ನೆನಪಿನ ಸಭೆಯಲ್ಲಿ ಇದೇ ಸಾಲು ಎತ್ತಿಕೊಂಡರು. ಈ ನೆಮ್ಮದಿ, ಸ್ವಾತಂತ್ರ್ಯ ಎರಡನ್ನೂ ಕಿತ್ತುಕೊಳ್ಳುತ್ತಾರೆ, ಆಗ ಕವಿಗೆ ಉಸಿರಾಡಲು ಆಗುವುದಿಲ್ಲ, ಅವನು ಸಾಯುತ್ತಾನೆ ಎಂದರು. ಅದೇ ವರ್ಷ ಆಗಸ್ಟ್‌ನಲ್ಲಿ ಬ್ಲೋಕ್ ತೀರಿಕೊಂಡರು. ಮುಂದಿನ ಕಾದಂಬರಿಕಾರರೆಲ್ಲ ಈ ಮಾತನ್ನು ಬಲ್ಲವರು. ಅವರು ‘ಪಕೋಯ್’ ಎಂದು ಬರೆದಾಗ ಹಿಂದೆ ಪುಷ್ಕಿನ್, ಬ್ಲೋಕ್ ಇಬ್ಬರೂ ನಿಂತಿರುತ್ತಾರೆ.

ಈಗ ಕಾದಂಬರಿಗಳಿಗೆ ಬರೋಣ. ಮೊದಲು ಶೋಲೊಖೋವ್. 1928ರಿಂದ 1940ರವರೆಗೆ ಬಿಡಿಬಿಡಿಯಾಗಿ ಬಂದ ‘ತೀಖಿ ದೋನ್’. ತೀಖಿ ಅಂದರೆ ಸದ್ದಿಲ್ಲದ, ಶಾಂತವಾದ. ದೋನ್ ನದಿಯನ್ನು ಕೊಸಾಕ್ ಜನ ಹಾಗೇ ಕರೆಯುವುದು. ಪುಸ್ತಕದ ಹೆಸರಿನಲ್ಲೇ ಶಾಂತಿ ಇದೆ. ಒಳಗೆ 1912ರಿಂದ 1922ರವರೆಗಿನ ರಕ್ತ ಇದೆ.

ನಾಯಕ ಗ್ರಿಗೋರಿ ಮೆಲೆಖೋವ್ ರೈತ, ಕುದುರೆ ಸವಾರ. ಪುಸ್ತಕದ ಶುರುವಿನಲ್ಲಿ ಹುಲ್ಲು ಕೊಯ್ಯುವಾಗ ಅವನ ಕುಡುಗೋಲಿಗೆ ಒಂದು ಕಾಡು ಬಾತುಕೋಳಿ ಮರಿ ಸಿಕ್ಕಿ ಎರಡು ತುಂಡಾಗುತ್ತದೆ. ಅವನು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡುತ್ತಾನೆ. ಎದೆ ಚುರ್ ಅನ್ನುತ್ತದೆ. ಇಷ್ಟೇ ಪ್ರಸಂಗ. ಆಮೇಲೆ ಅದೇ ಕೈ ಮನುಷ್ಯರನ್ನು ಕಡಿಯುತ್ತದೆ. ಕ್ರಾಂತಿಯ ಪರವಾದ ಕೆಂಪು ಸೈನ್ಯ, ಅದಕ್ಕೆ ಎದುರಾದ ಬಿಳಿ ಸೈನ್ಯ, ದಂಗೆಕೋರರು, ಕೊನೆಗೆ ಒಂದು ಡಕಾಯಿತ ಗುಂಪು, ಎಲ್ಲ ಕಡೆಯೂ ಅವನು ಕಾದಾಡುತ್ತಾನೆ. ಅವನಿಗೆ ಬೇಕಿದ್ದದ್ದು ಉಳುಮೆ ಮಾತ್ರ. ಯಾವ ಪಕ್ಷವೂ ಅವನನ್ನು ಸುಮ್ನೆ ಬಿಡುವುದಿಲ್ಲ.

ಕೊನೆಯ ಪುಟಕ್ಕೆ ಬನ್ನಿ. ಪ್ರೀತಿಸಿದ ಅಕ್ಸೀನ್ಯಾಳನ್ನು ತನ್ನ ಕೈಯಾರೆ ಮಣ್ಣು ಮಾಡಿ ಬಂದಿದ್ದಾನೆ. ಕಾಡಿನಲ್ಲಿ ಅಡಗಿರುವ ಜೊತೆಗಾರ ಹೇಳುತ್ತಾನೆ, ಮೇ ಒಂದರವರೆಗೆ ತಡಿ, ಕ್ಷಮಾದಾನ ಸಿಗುತ್ತದಂತೆ. ಗ್ರಿಗೋರಿ ತಡೆಯುವುದಿಲ್ಲ. ಮಾರ್ಚ್ ತಿಂಗಳು. ದೋನ್ ದಡದಲ್ಲಿ ನಿಂತು ಆಚೆಯ ತನ್ನ ಮನೆ ಅಂಗಳವನ್ನು ನೋಡುತ್ತಾನೆ. ಚೀಲದಿಂದ ಗುಂಡುಗಳನ್ನು ತೆಗೆದು, ಯಾಕೋ ಎಣಿಸುತ್ತಾನೆ. 12 ಕ್ಲಿಪ್, 26 ಬಿಡಿ ಗುಂಡು. ಕೋವಿ ನೀರಿಗೆ, ಪಿಸ್ತೂಲು ನೀರಿಗೆ, ಗುಂಡುಗಳೂ ನೀರಿಗೆ. ಆಮೇಲೆ ಕೋಟಿನ ಅಂಚಿಗೆ ಕೈಯನ್ನು ಚೆನ್ನಾಗಿ ಒರೆಸಿಕೊಳ್ಳುತ್ತಾನೆ.

ಈ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಪ್ರತಿ ಸಲವೂ ‘ಯಾಕೋ’ ಎಂಬ ಪದದ ಹತ್ತಿರ ನಿಲ್ಲುತ್ತೇನೆ. ಎಸೆಯಲು ಹೊರಟ ಗುಂಡನ್ನು ಎಣಿಸುವುದು ಯಾಕೆ? ಹತ್ತು ವರ್ಷದ ಅಭ್ಯಾಸ. ರೈತ ಕಾಳು ಅಳೆಯುವ ಹಾಗೆ ಅವನು ಗುಂಡು ಅಳೆದು ಬದುಕಿದವನು. ಆ ಅಭ್ಯಾಸವನ್ನು ಕೊನೆಯ ಸಲ ಮಾಡಿ ಮುಗಿಸುತ್ತಾನೆ. ಕೈ ಒರೆಸಿಕೊಳ್ಳುವುದೂ ಹಾಗೇ, ಗದ್ದೆ ಕೆಲಸ ಮುಗಿಸಿದವರು ಒರೆಸಿಕೊಳ್ಳುವ ರೀತಿ. ಯಾವ ಒಪ್ಪಂದಕ್ಕೂ ಸಹಿ ಬೀಳಲಿಲ್ಲ, ಕ್ಷಮಾದಾನದ ಕಾಗದ ಬಂದಿಲ್ಲ. ಒಬ್ಬ ಮನುಷ್ಯ ತನ್ನ ಮಟ್ಟಿಗೆ ಯುದ್ಧ ನಿಲ್ಲಿಸಿದ, ಅಷ್ಟೇ.

ಆಚೆ ದಡದಲ್ಲಿ ಮಗ ಮಿಶಾತ್ಕಾ ಬಂಡೆಯಿಂದ ನೇತಾಡುವ ಮಂಜುಗಡ್ಡೆಯ ಕಡ್ಡಿಗಳನ್ನು ಮುರಿದು ಆಡುತ್ತಿದ್ದಾನೆ. ಅಪ್ಪನನ್ನು ನೋಡಿ ಹೆದರುತ್ತಾನೆ. ತಂಗಿ ಪೋಲ್ಯುಷ್ಕಾ ಹಿಂದಿನ ಶರತ್ಕಾಲದಲ್ಲಿ ಗಂಟಲು ಬೇನೆಯಿಂದ ಹೋದಳು ಎನ್ನುತ್ತಾನೆ. ಮಾವ ಮಿಖಾಯಿಲ್ ಸರ್ಕಾರದ ಕೆಲಸದಲ್ಲಿದ್ದಾನೆ ಎನ್ನುತ್ತಾನೆ. ಗ್ರಿಗೋರಿಯನ್ನು ಹಿಡಿದು ಒಪ್ಪಿಸಬಲ್ಲವನು ಆ ಮಿಖಾಯಿಲ್ಲೇ. ಹಾಗಾಗಿ ಇದು ಎಷ್ಟು ದಿನದ ನೆಮ್ಮದಿಯೋ, ಎಷ್ಟು ನಿಮಿಷದ್ದೋ. ಅಂಗಳದ ಬಾಗಿಲಲ್ಲಿ ಮಗನನ್ನು ಎತ್ತಿಕೊಂಡು ನಿಂತಿರುವಾಗ ಶೋಲೊಖೋವ್ ಪುಸ್ತಕ ಮುಚ್ಚುತ್ತಾರೆ. ಗ್ರಿಗೋರಿ ಕೊನೆಗೆ ಕಮ್ಯುನಿಸ್ಟ್ ಆಗುವ ಹಾಗೆ ಕಥೆ ಮುಗಿಸಿ ಎಂದು ಒತ್ತಾಯ ಜಾಸ್ತಿಯೇ ಇತ್ತು. ಅವರು ಮಣಿಯಲಿಲ್ಲ.

ಬುಲ್ಗಾಕೋವ್ ಅವರ ದಾರಿ ಬೇರೆ. ಅವರಿಗೆ ನೆಮ್ಮದಿ ಅಂದರೆ ಮನೆ. ಕೀವ್‌ನಲ್ಲಿ ಹುಟ್ಟಿದವರು. 1918-19ರಲ್ಲಿ ಆ ಊರು ಒಂದಾದ ಮೇಲೆ ಒಂದು ಸೈನ್ಯದ ಕೈಗೆ ಹೋಗುವುದನ್ನು ಕಣ್ಣಾರೆ ಕಂಡವರು. ‘ಬಿಳಿ ಪಡೆ’ ಕಾದಂಬರಿಯಲ್ಲಿ ಹೊರಗೆ ಫಿರಂಗಿ ಸದ್ದು, ಒಳಗೆ ತುರ್ಬಿನ್ ಮನೆಯ ಕೆನೆ ಬಣ್ಣದ ಪರದೆ, ಬಿಸಿ ಟೈಲ್ಸ್ ಒಲೆ, ದೀಪದ ಮೇಲಿನ ಮುಸುಕು. ಸಾಯುವಾಗ ತಾಯಿ ಮಕ್ಕಳಿಗೆ ಹೇಳಿದ್ದು ಒಂದೇ ಮಾತು: ಒಗ್ಗಟ್ಟಾಗಿ ಬಾಳಿ. ದೀಪದ ಮುಸುಕನ್ನು ಎಂದೂ ಕಿತ್ತೆಸೆಯಬೇಡಿ, ಅದು ಪವಿತ್ರ ಎಂದು ಕಾದಂಬರಿ ಓದುಗರಿಗೇ ನೇರವಾಗಿ ಹೇಳುತ್ತದೆ. ಪೆಟ್ಟಿಗೆ ಕಟ್ಟಿ ಓಡುವ ಗಡಿಬಿಡಿಯಲ್ಲಿ ಮೊದಲು ಕಿತ್ತು ಹಾಕುವುದು ದೀಪದ ಮುಸುಕನ್ನೇ. ಬರಿ ಬಲ್ಬು ಉರಿಯುವ ಕೋಣೆ ಮನೆಯಾಗಿ ಉಳಿಯುವುದಿಲ್ಲ.

‘ಮಾಸ್ಟರ್ ಮತ್ತು ಮಾರ್ಗರೀತಾ’ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಇದನ್ನು ಅವರು 1928ರಲ್ಲಿ ಶುರು ಮಾಡಿ, 1930ರಲ್ಲಿ ಕೈಬರಹವನ್ನು ಒಲೆಗೆ ಹಾಕಿ, ಮತ್ತೆ ಬರೆಯಲು ಕೂತು, 1940ರಲ್ಲಿ ಸಾಯುವವರೆಗೂ ತಿದ್ದುತ್ತಾ ಇದ್ದರು. ಹೆಂಡತಿ ಯೆಲೇನಾ ಸೆರ್ಗೇಯೆವ್ನಾ ಅದನ್ನು 26 ವರ್ಷ ಕಾದಿಟ್ಟು ಅಚ್ಚು ಕಂಡರು. ‘ಮೋಸ್ಕ್ವಾ’ ಪತ್ರಿಕೆಯಲ್ಲಿ 1966-67ರಲ್ಲಿ, ಅದೂ ಕತ್ತರಿ ಹಾಕಿದ ರೂಪದಲ್ಲಿ.

ಅದರಲ್ಲಿ ಮಾಸ್ಟರ್ ಎಂಬ ಲೇಖಕನಿಗೆ ಲಾಟರಿಯಲ್ಲಿ 1 ಲಕ್ಷ ರೂಬಲ್ ಬರುತ್ತದೆ. ಮಾಸ್ಕೋದ ಅರ್ಬಾತ್ ಬೀದಿ ಹತ್ತಿರದ ಗಲ್ಲಿಯಲ್ಲಿ ನೆಲಮಾಳಿಗೆಯ ಎರಡು ಕೋಣೆ ಹಿಡಿಯುತ್ತಾನೆ. ಅಲ್ಲಿ ಯೇಸುವಿಗೆ ಮರಣದಂಡನೆ ಕೊಟ್ಟ ರೋಮನ್ ಅಧಿಕಾರಿ ಪಿಲಾತನ ಬಗ್ಗೆ ಕಾದಂಬರಿ ಬರೆಯುತ್ತಾನೆ. ಮಾರ್ಗರೀತಾ ಬರುತ್ತಾಳೆ. ಮೇ ತಿಂಗಳ ಗುಡುಗು ಮಳೆಯಲ್ಲಿ ಕಿಟಕಿ ಪಕ್ಕದಲ್ಲೇ ನೀರು ಹರಿಯುವಾಗ ಇಬ್ಬರೂ ಒಲೆ ಹಚ್ಚಿ ಆಲೂಗಡ್ಡೆ ಸುಡುತ್ತಾರೆ. ಹಬೆ ಏಳುತ್ತದೆ, ಕರಿ ಸಿಪ್ಪೆ ಬೆರಳಿಗೆ ಮೆತ್ತುತ್ತದೆ, ನಗು. ಇಡೀ ಪುಸ್ತಕದಲ್ಲಿ ಇಷ್ಟು ನೆಮ್ಮದಿಯ ಗಳಿಗೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ. ಆಮೇಲೆ ಆ ಎರಡು ಕೋಣೆಯ ಆಸೆಗೇ ಒಬ್ಬ ಪರಿಚಯದವನು ಅವನ ಮೇಲೆ ದೂರು ಕೊಡುತ್ತಾನೆ. ಆಗಿನ ಮಾಸ್ಕೋದಲ್ಲಿ ಒಂದು ಬೇರೆ ಕೋಣೆ ಅಂದರೆ ಅಷ್ಟು ಬೆಲೆ.

ಕಾದಂಬರಿಯ ಕೊನೆಯ ಹೊತ್ತಿಗೆ ಮಾಸ್ಟರ್‌ಗೆ ಏನು ಸಿಗಬೇಕು ಎಂಬ ತೀರ್ಪು ಬರುತ್ತದೆ. ಅವನು ಬೆಳಕಿಗೆ ಅರ್ಹನಲ್ಲ, ನೆಮ್ಮದಿಗೆ ಅರ್ಹ. ಈ ಮಾತು ಹೇಳುವಾಗ ಹೇಳುವವನ ದನಿಯಲ್ಲಿ ದುಃಖ ಇದೆ. ರಷ್ಯನ್ ಓದುಗರು ಈ ಒಂದು ಸಾಲಿನ ಬಗ್ಗೆ ಅರವತ್ತು ವರ್ಷದಿಂದ ಜಗಳ ಆಡುತ್ತಿದ್ದಾರೆ. ನೆಮ್ಮದಿ ಬೆಳಕಿಗಿಂತ ಕಡಿಮೆಯೇ? ಅವನು ಭಯಕ್ಕೆ ಸೋತು ತನ್ನ ಪುಸ್ತಕವನ್ನೇ ಬಿಟ್ಟುಕೊಟ್ಟ, ಅದಕ್ಕೆ ಕಡಿಮೆ ಸಿಕ್ಕಿತು ಎನ್ನುವವರಿದ್ದಾರೆ. ನಾನು ಓದಿಕೊಂಡಿರುವುದು ಹೀಗೆ: ಜೀವಮಾನವಿಡೀ ಬಾಗಿಲು ಬಡಿದ ಸದ್ದಿಗೆ ಬೆಚ್ಚಿದ ಮನುಷ್ಯ ಸ್ವರ್ಗ ಕೇಳುವುದಿಲ್ಲ. ಅವನಿಗೆ ಬೇಕಾದದ್ದು ಯಾರೂ ಬಡಿಯದ ಬಾಗಿಲು. ಮಾರ್ಗರೀತಾ ಅವನಿಗೆ ತೋರಿಸುವುದೂ ಅದನ್ನೇ. ಈ ನಿಶ್ಶಬ್ದ ಕೇಳು, ಬದುಕಿದ್ದಾಗ ನಿನಗೆ ಕೊಡದೇ ಇದ್ದದ್ದು ಇದು ಎನ್ನುತ್ತಾಳೆ. ದ್ರಾಕ್ಷಿ ಬಳ್ಳಿ ಹಬ್ಬಿದ ಮನೆ, ಸಂಜೆ ಹಾಡಲು ಬರುವ ಗೆಳೆಯರು, ಮೋಂಬತ್ತಿ.

ಪಿಲಾತನ ಕಥೆ ಇನ್ನೂ ಕಷ್ಟದ್ದು. ಅವನು ಒಬ್ಬ ನಿರಪರಾಧಿಯನ್ನು ಉಳಿಸಬಹುದಿತ್ತು. ಕೆಲಸ ಹೋಗುತ್ತದೆ ಎಂದು ಹೆದರಿ ಸಾವಿಗೆ ಒಪ್ಪಿಸಿದ. ಆಮೇಲೆ ಎರಡು ಸಾವಿರ ವರ್ಷ ಕಲ್ಲು ಕುರ್ಚಿಯಲ್ಲಿ ಕೂತು, ಪಕ್ಕದಲ್ಲಿ ನಾಯಿ, ಬೆಳದಿಂಗಳಿಗೆ ನಿದ್ದೆ ಇಲ್ಲ. ರೋಮ್ ಆಳುವ ಕಾಲದಲ್ಲಿ ಹೊರಗೆ ಶಾಂತಿಯೇ ಇತ್ತು. ಅವನಿಗೆ ಮಾತ್ರ ಇರಲಿಲ್ಲ. ಕೊನೆಗೆ ಬೆಳದಿಂಗಳ ದಾರಿಯಲ್ಲಿ ತಾನು ಕೊಲ್ಲಿಸಿದವನ ಜೊತೆ ನಡೆಯುತ್ತಾ ಕೇಳುತ್ತಾನೆ: ಆ ಮರಣದಂಡನೆ ನಡೆಯಲೇ ಇಲ್ಲ ಅಲ್ವಾ, ಹೇಳು? ಜೊತೆಯವನು ಹೇಳುತ್ತಾನೆ, ನಡೆಯಲಿಲ್ಲ, ನಿನಗೆ ಹಾಗೆ ಅನ್ನಿಸಿತು. ಆಣೆ ಮಾಡು. ಆಣೆ. ಆಣೆ ಮಾಡುವವನ ಕಣ್ಣು ನಗುತ್ತಿರುತ್ತದೆ. ಪಿಲಾತನಿಗೆ ಇನ್ನೇನೂ ಬೇಡ. ಇದು ಸುಳ್ಳೋ ಕ್ಷಮೆಯೋ ನೀವೇ ಓದಿ ಹೇಳಿ. ನನಗೆ ಮುಖ್ಯ ಅನ್ನಿಸುವುದು ಇದು: ನೆಮ್ಮದಿ ಪಿಲಾತನ ಕೈಯಲ್ಲಿ ಇರಲಿಲ್ಲ. ಅವನಿಂದ ನೋವು ತಿಂದವನ ಕೈಯಲ್ಲಿ ಇತ್ತು.

ಇಲ್ಲಿ ಒಂದು ಸಂಗತಿ ಸೇರಿಸಲೇಬೇಕು. ಸ್ಟಾಲಿನ್ 1930ರ ಏಪ್ರಿಲ್‌ನಲ್ಲಿ ಬುಲ್ಗಾಕೋವ್‌ಗೆ ಫೋನ್ ಮಾಡಿದರು. 1934ರಲ್ಲಿ ಇನ್ನೊಬ್ಬ ಲೇಖಕ ಪಾಸ್ತರ್ನಾಕ್‌ಗೆ ಫೋನ್ ಮಾಡಿ, ಬಂಧನಕ್ಕೆ ಒಳಗಾಗಿದ್ದ ಕವಿ ಮಂದೆಲ್‌ಷ್ತಾಮ್ ಬಗ್ಗೆ ಕೇಳಿದರು. ಆಗ ಸರಿಯಾಗಿ ಉತ್ತರ ಕೊಟ್ಟೆನೇ ಎಂಬ ಸಂಕಟ ಪಾಸ್ತರ್ನಾಕ್ ಅವರನ್ನು ಮುಂದೆಯೂ ಬಿಡಲಿಲ್ಲ. ಮೂರನೇ ಫೋನ್ ಒಂದು ಕಾದಂಬರಿಯೊಳಗೆ ಬರುತ್ತದೆ. ಅದು ವಸೀಲಿ ಗ್ರಾಸ್ಮನ್ ಅವರ ‘ಬದುಕು ಮತ್ತು ವಿಧಿ’. ಅಲ್ಲಿ ವಿಜ್ಞಾನಿ ಷ್ತ್ರೂಮ್‌ನನ್ನು ಸಂಸ್ಥೆಯವರು ಮೂಲೆಗೆ ತಳ್ಳಿದ್ದಾರೆ. ತಪ್ಪು ಒಪ್ಪಿಕೋ ಎಂದಾಗ ಅವನು ಒಪ್ಪಿಲ್ಲ. ಕೆಲಸ ಹೋಗುವ ಹಾಗಿದೆ, ಗೆಳೆಯರು ದೂರ ಸರಿದಿದ್ದಾರೆ, ಆದರೂ ಮನಸ್ಸು ಹಗುರ. ಆಗ ಸ್ಟಾಲಿನ್ ಫೋನ್ ಬರುತ್ತದೆ, ನಿಮ್ಮ ಕೆಲಸಕ್ಕೆ ಒಳ್ಳೆಯದಾಗಲಿ ಎಂದು. ಮರುದಿನದಿಂದ ಎಲ್ಲರೂ ಕೈ ಕುಲುಕುತ್ತಾರೆ. ಸ್ವಲ್ಪ ದಿನಕ್ಕೆ ನಿರಪರಾಧಿಗಳ ವಿರುದ್ಧದ ಒಂದು ಪತ್ರವನ್ನು ಮುಂದಿಟ್ಟು ಸಹಿ ಕೇಳುತ್ತಾರೆ. ಕಷ್ಟದಲ್ಲಿ ಬಗ್ಗದವನು ಸುಖದಲ್ಲಿ ಸಹಿ ಹಾಕಿಬಿಡುತ್ತಾನೆ. ಅಲ್ಲಿಗೆ ನೆಮ್ಮದಿ ಹೋಯಿತು. ನಿಮ್ಮ ‘ಯಾಕೆ’ಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಗ್ರಾಸ್ಮನ್ ಯುದ್ಧವನ್ನು ದೂರದಿಂದ ನೋಡಿದವರಲ್ಲ. ಪತ್ರಿಕೆಯ ವರದಿಗಾರರಾಗಿ ಸ್ಟಾಲಿನ್‌ಗ್ರಾಡ್‌ನಲ್ಲಿ ಇದ್ದರು. ಅವರ ತಾಯಿಯನ್ನು 1941ರ ಸೆಪ್ಟೆಂಬರ್‌ನಲ್ಲಿ ಬೆರ್ದೀಚೆವ್ ಊರಿನಲ್ಲಿ ನಾಜಿಗಳು ಬೇರೆ ಯಹೂದಿಗಳ ಜೊತೆ ಕೊಂದರು. ಪುಸ್ತಕ 1960ರಲ್ಲಿ ಮುಗಿಯಿತು. 1961ರ ಫೆಬ್ರವರಿಯಲ್ಲಿ ಕೆಜಿಬಿಯವರು ಮನೆಗೆ ಬಂದು ಕೈಬರಹ, ಕಾರ್ಬನ್ ಕಾಗದ, ಟೈಪ್‌ರೈಟರಿನ ರಿಬ್ಬನ್ ಸಹಿತ ಒಯ್ದರು. ಲೇಖಕನನ್ನು ಬಿಟ್ಟು ಪುಸ್ತಕವನ್ನು ಬಂಧಿಸಿದರು. ಇನ್ನು ಇನ್ನೂರು ಮುನ್ನೂರು ವರ್ಷ ಇದು ಅಚ್ಚಾಗುವ ಮಾತಿಲ್ಲ ಎಂದು ಪಕ್ಷದ ಹಿರಿಯ ಸುಸ್ಲೋವ್ ಹೇಳಿದರಂತೆ. ಗ್ರಾಸ್ಮನ್ 1964ರಲ್ಲಿ ತೀರಿಕೊಂಡರು. ಗೆಳೆಯ ಲಿಪ್ಕಿನ್ ಬಚ್ಚಿಟ್ಟಿದ್ದ ಪ್ರತಿ ಮೈಕ್ರೋಫಿಲ್ಮ್ ಆಗಿ ಹೊರಗೆ ಹೋಗಿ 1980ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾಯಿತು. ಸ್ವಂತ ದೇಶದಲ್ಲಿ 1988ರಲ್ಲಿ.

ಹೆಸರು ನೋಡಿ, ‘ಯುದ್ಧ ಮತ್ತು ಶಾಂತಿ’ಯ ಅಚ್ಚಿನಲ್ಲೇ ಇದೆ. ಆದರೆ ಯುದ್ಧದ ಎದುರಿಗೆ ಇಡಲು ಅವರಿಗೆ ಶಾಂತಿ ಸಿಗಲಿಲ್ಲ. ನಾಜಿಗಳ ಕ್ಯಾಂಪಿನಲ್ಲಿ ಇಕೋನ್ನಿಕೋವ್ ಎಂಬ ಕೈದಿ ಚೂರು ಕಾಗದಗಳ ಮೇಲೆ ಬರೆದಿಟ್ಟ ಮಾತು ಇದೆ. ಒಳ್ಳೆಯತನದ ಹೆಸರಿನಲ್ಲಿ ಕಟ್ಟಿದ ಎಲ್ಲ ದೊಡ್ಡ ವ್ಯವಸ್ಥೆಗಳೂ ರಕ್ತ ಹರಿಸಿವೆ, ಉಳಿದಿರುವುದು ಒಬ್ಬರು ಇನ್ನೊಬ್ಬರಿಗೆ ತೋರಿಸುವ ಲೆಕ್ಕವಿಲ್ಲದ, ಅರ್ಥವಿಲ್ಲದ ಕರುಣೆ ಮಾತ್ರ ಎಂದು. ಗ್ಯಾಸ್ ಕೋಣೆ ಕಟ್ಟುವ ಕೆಲಸ ಮಾಡಲಾರೆ ಎಂದದ್ದಕ್ಕೆ ಅವನನ್ನು ಕೊಲ್ಲುತ್ತಾರೆ.

ಈ ಮಾತು ಬರೀ ತತ್ವವಾಗಿ ಉಳಿದಿದ್ದರೆ ನಾನು ನಿಮಗೆ ಹೇಳುತ್ತಿರಲಿಲ್ಲ. ಸ್ಟಾಲಿನ್‌ಗ್ರಾಡ್ ಗೆದ್ದ ಮೇಲಿನ ಒಂದು ದೃಶ್ಯ ಇದೆ. ಸೆರೆ ಸಿಕ್ಕ ಜರ್ಮನರು ನೆಲಮಾಳಿಗೆಯಿಂದ ಹೆಣಗಳನ್ನು ಹೊರಗೆ ತರುತ್ತಿದ್ದಾರೆ. ಸುತ್ತ ಊರ ಜನ. ಒಂದು ಹುಡುಗಿಯ ಹೆಣ ಬರುತ್ತದೆ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಇಟ್ಟಿಗೆ ಎತ್ತಿಕೊಂಡು ಜರ್ಮನ್ ಅಧಿಕಾರಿಯ ಕಡೆ ನಡೆಯುತ್ತಾಳೆ. ಕಾವಲಿನವನಿಗೂ ಅವಳನ್ನು ತಡೆಯಲು ಆಗುವುದಿಲ್ಲ. ಹತ್ತಿರ ಹೋಗುತ್ತಾಳೆ. ಕೈ ಜೇಬಿಗೆ ಹೋಗುತ್ತದೆ. ಒಂದು ತುಂಡು ಬ್ರೆಡ್ ತೆಗೆದು ಅವನ ಕೈಗೆ ಇಡುತ್ತಾಳೆ: ಇಗೋ, ತಿನ್ನು. ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಅವಳಿಗೂ ತಿಳಿಯುವುದಿಲ್ಲ. ಗ್ರಾಸ್ಮನ್ ಅವಳಿಗೆ ಸಂತನ ಮನಸ್ಸು ಕೊಡುವುದಿಲ್ಲ. ದ್ವೇಷ ಹಾಗೇ ಇದೆ. ಬ್ರೆಡ್ ಕೊಟ್ಟ ಮೇಲೆಯೂ ಇದೆ.

ಪುಸ್ತಕದ ಕೊನೆಯಲ್ಲಿ ಗಾಯಗೊಂಡು ರಜೆಯಲ್ಲಿರುವ ಒಬ್ಬ ಸೇನಾಧಿಕಾರಿ ಹೆಂಡತಿಯ ಜೊತೆ ಕಾಡಿನ ದಾರಿಯಲ್ಲಿ ಬರುತ್ತಾನೆ. ಹಿಮ ಇನ್ನೂ ಕರಗಿಲ್ಲ, ಆದರೆ ವಸಂತದ ಸುಳಿವು ಇದೆ. ಚೀಲ ಹಿಡಿದುಕೊಂಡು ಇಬ್ಬರೂ ಮಾತಿಲ್ಲದೆ ನಿಲ್ಲುತ್ತಾರೆ. ಆ ಮೌನದಲ್ಲಿ ಸತ್ತವರಿಗಾಗಿ ಅಳುವ ಸದ್ದೂ, ಬದುಕುವ ಆಸೆಯ ಸದ್ದೂ ಕೇಳುತ್ತದೆ. ಅವರ ಹೆಸರು ಕೂಡ ಅಲ್ಲಿ ಹೇಳುವುದಿಲ್ಲ. ಯುದ್ಧ ಮುಗಿಯಲು ಇನ್ನೂ ಎರಡು ವರ್ಷ ಇದೆ.

ಪಾಸ್ತರ್ನಾಕ್ ಅವರ ‘ಡಾಕ್ಟರ್ ಜಿವಾಗೋ’ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದು ಎಲ್ಲರಿಗೂ ಗೊತ್ತಿರುವ ಪುಸ್ತಕ. 1957ರಲ್ಲಿ ಇಟಲಿಯಲ್ಲಿ ಅಚ್ಚಾಯಿತು, ಮರುವರ್ಷ ಬಂದ ನೊಬೆಲ್ ಅನ್ನು ಒತ್ತಡಕ್ಕೆ ಅವರು ಬಿಡಬೇಕಾಯಿತು. ಸಿನಿಮಾದಿಂದಾಗಿ ಪ್ರೇಮಕಥೆಯೇ ಎಲ್ಲರ ನೆನಪಿನಲ್ಲಿದೆ. ನೀವು ಗಮನಿಸಬೇಕಾದ್ದು ಕಾಡಿನ ಕಾಳಗದ ಅಧ್ಯಾಯ. ಕೆಂಪು ಗುಂಪು ಹಿಡಿದುಕೊಂಡು ಹೋದ ಡಾಕ್ಟರ್ ಕೈಗೆ ಕೋವಿ ಬರುತ್ತದೆ. ಎದುರಿಗೆ ಬರುತ್ತಿರುವ ಬಿಳಿ ಸೈನ್ಯದ ಹುಡುಗರನ್ನು ಕೊಲ್ಲಲು ಮನಸ್ಸಿಲ್ಲ, ಒಣ ಮರಕ್ಕೆ ಗುರಿ ಇಡುತ್ತಾನೆ. ಆದರೂ ಗುಂಡಿಗೆ ಹುಡುಗರು ಅಡ್ಡ ಬರುತ್ತಾರೆ. ಕಾಳಗ ಮುಗಿದ ಮೇಲೆ ನೋಡಿದರೆ, ಸತ್ತ ಕೆಂಪು ಸೈನಿಕನ ಕೊರಳಿನ ತಾಯತದಲ್ಲಿ ಬೈಬಲ್ಲಿನ ಒಂದು ಕೀರ್ತನೆ ಇದೆ. ಬಿದ್ದ ಬಿಳಿ ಹುಡುಗನ ಕೊರಳಲ್ಲೂ ಅದೇ ಕೀರ್ತನೆ, ಚಿನ್ನದ ಡಬ್ಬಿಯೊಳಗೆ. ಆ ಡಬ್ಬಿಗೆ ಗುಂಡು ತಾಗಿ ಹುಡುಗ ಉಳಿದಿದ್ದಾನೆ. ಜಿವಾಗೋ ಅವನಿಗೆ ಸತ್ತವನ ಬಟ್ಟೆ ತೊಡಿಸಿ, ಗುಟ್ಟಾಗಿ ಆರೈಕೆ ಮಾಡಿ ಬಿಟ್ಟುಬಿಡುತ್ತಾನೆ. ಹುಡುಗ ಹೋಗುವಾಗ ಮುಚ್ಚುಮರೆ ಇಲ್ಲದೆ ಹೇಳುತ್ತಾನೆ: ನಾನು ಮತ್ತೆ ಆ ಸೈನ್ಯಕ್ಕೇ ಸೇರುತ್ತೇನೆ. ಪಾಸ್ತರ್ನಾಕ್ ಅದನ್ನು ಮುಚ್ಚಿಡಲಿಲ್ಲ. ಅದಕ್ಕೇ ಆ ಅಧ್ಯಾಯವನ್ನು ನಾನು ನಂಬುತ್ತೇನೆ.

ಸೋಲ್ಜೆನಿತ್ಸಿನ್ ಅವರ ‘ಇವಾನ್ ದೆನೀಸೊವಿಚ್‌ನ ಒಂದು ದಿನ’ 1962ರ ನವೆಂಬರ್‌ನಲ್ಲಿ ‘ನೋವಿ ಮಿರ್’ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಸ್ಟಾಲಿನ್ ಕಾಲದ ದುಡಿಮೆ ಕ್ಯಾಂಪಿನ ಕೈದಿ ಇವಾನ್ ದೆನೀಸೊವಿಚ್ ಷೂಖೋವ್ ಕೊರೆಯುವ ಚಳಿಯಲ್ಲಿ ಗೋಡೆ ಕಟ್ಟುತ್ತಾನೆ. ಕೆಲಸ ನಿಲ್ಲಿಸುವ ಸದ್ದಾದರೂ ಉಳಿದ ಗಾರೆ ಹಾಳಾಗಬಾರದೆಂದು ಇನ್ನೊಂದು ಸಾಲು ಇಡುತ್ತಾನೆ. ರಾತ್ರಿ ತೃಪ್ತಿಯಿಂದ ನಿದ್ದೆ ಹೋಗುತ್ತಾನೆ. ಮರುಸಾಲಿನಲ್ಲೇ ಲೇಖಕರು ಅವನ ಶಿಕ್ಷೆಯ ಲೆಕ್ಕ ಕೊಡುತ್ತಾರೆ: ಇಂಥ ದಿನಗಳು 3,653. ಅಧಿಕ ವರ್ಷಗಳಿಂದಾಗಿ ಮೂರು ದಿನ ಹೆಚ್ಚು.

ಕೊನೆಯದಾಗಿ, ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಪುಸ್ತಕ. ವಲೆಂತಿನ್ ರಸ್ಪುತಿನ್ ಅವರ ‘ಬದುಕು ಮತ್ತು ನೆನಪಿಡು’, 1974. ಇದರಲ್ಲಿ ಶಾಂತಿ ನಿಜವಾಗಿಯೂ ಬರುತ್ತದೆ, 1945ರ ಮೇ ತಿಂಗಳಲ್ಲಿ, ಸೈಬೀರಿಯಾದ ಅಂಗಾರಾ ನದಿ ದಡದ ಒಂದು ಹಳ್ಳಿಗೆ. ಕಥೆ ಅದಕ್ಕಿಂತ ಕೆಲವು ತಿಂಗಳು ಮೊದಲು ಶುರುವಾಗುತ್ತದೆ. ಸ್ನಾನದ ಮನೆಯ ನೆಲಹಲಗೆಯ ಕೆಳಗೆ ಇಟ್ಟಿದ್ದ ಕೊಡಲಿ ಕಾಣೆಯಾಗುತ್ತದೆ. ಸೊಸೆ ನಸ್ತ್ಯೋನಾಗೆ ಎದೆ ಝಲ್ಲೆನ್ನುತ್ತದೆ. ಆ ಜಾಗ ಮನೆಯವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ. ಗಂಡ ಆಂದ್ರೇಯ್ ಯುದ್ಧದಿಂದ ತಪ್ಪಿಸಿಕೊಂಡು ಬಂದಿದ್ದಾನೆ. ಮೂರು ವರ್ಷಕ್ಕೂ ಜಾಸ್ತಿ ಹೋರಾಡಿದವನು. ಆಸ್ಪತ್ರೆಯಿಂದ ಒಂದು ಸಲ ಮನೆಗೆ ಬಿಡುತ್ತಾರೆ ಎಂದುಕೊಂಡಿದ್ದ. ಬಿಡಲಿಲ್ಲ, ಮತ್ತೆ ರಣರಂಗಕ್ಕೆ ಹೋಗು ಎಂದರು. ರೈಲು ಹತ್ತಿದ್ದು ಊರಿನ ಕಡೆಗೆ.

ಅವಳು ಅವನನ್ನು ನದಿಯಾಚೆ ಅಡಗಿಸಿ ಅನ್ನ ಕಾಣಿಸುತ್ತಾಳೆ. ವರ್ಷಗಟ್ಟಲೆ ಆಗದ ಬಸಿರು ಈಗ ಆಗುತ್ತದೆ. ಅಷ್ಟರಲ್ಲಿ ಯುದ್ಧ ಗೆದ್ದ ಸುದ್ದಿ ಬರುತ್ತದೆ. ಊರೇ ಬೀದಿಗೆ ಬಂದು ನಗುತ್ತದೆ, ಅಳುತ್ತದೆ. ನಸ್ತ್ಯೋನಾ ಕೂಡ ಆ ನಾಲ್ಕು ವರ್ಷ ಎಲ್ಲರ ಜೊತೆ ದುಡಿದವಳು. ಆದರೆ ಈ ಸಂತೋಷದಲ್ಲಿ ಸೇರಲು ತನಗೆ ಹಕ್ಕಿದೆಯೇ ಎಂದು ಅವಳಿಗೆ ಗೊತ್ತಾಗುವುದಿಲ್ಲ. ಶಾಂತಿ ಎಲ್ಲರ ಬಾಗಿಲಿಗೂ ಬಂದಿದೆ, ಅವಳ ಬಾಗಿಲ ಮುಂದೆ ಮಾತ್ರ ದಾಟಿ ಹೋಗಿದೆ. ಕೊನೆಗೆ ಊರಿನವರು ದೋಣಿಯಲ್ಲಿ ಬೆನ್ನಟ್ಟಿದಾಗ ಅವಳು ಅಂಗಾರಾ ನದಿಗೆ ಬೀಳುತ್ತಾಳೆ. ಊರ ಹೆಂಗಸರು ಹಟ ಹಿಡಿದು ಅವಳನ್ನು ತಮ್ಮವರ ನಡುವೆಯೇ ಮಣ್ಣು ಮಾಡಿಸುತ್ತಾರೆ. ತಿಥಿಯ ಊಟಕ್ಕೆ ಸೇರಿ ಸ್ವಲ್ಪ ಅಳುತ್ತಾರೆ. ಪಾಪ, ನಸ್ತ್ಯೋನಾ.

ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದಿರಿ. ರಸ್ಪುತಿನ್ ಅವರಿಂದ ಮಾಡಿ. ಪುಟ ಕಡಿಮೆ, ಪಾತ್ರ ಕಡಿಮೆ, ಹಳ್ಳಿ ಬಲ್ಲವರಿಗೆ ತಡವಿಲ್ಲದೆ ಹಿಡಿಸುತ್ತದೆ. ಆಮೇಲೆ ಬುಲ್ಗಾಕೋವ್. ಮೊದಲ ನೂರು ಪುಟದ ಗಲಾಟೆಗೆ ಬೇಸರಪಡಬೇಡಿ, ಎರಡನೇ ಅಧ್ಯಾಯದ ಪಿಲಾತನನ್ನು ಮಾತ್ರ ನಿಧಾನವಾಗಿ ಓದಿ. ಶೋಲೊಖೋವ್ ದೊಡ್ಡ ಪುಸ್ತಕ, ಬೇಸಿಗೆ ರಜೆಗೆ ಇಟ್ಟುಕೊಳ್ಳಿ. ದಯವಿಟ್ಟು ಕೊನೆಯ ಪುಟವನ್ನು ಮೊದಲೇ ನೋಡಬೇಡಿ, ನಾನು ಹೇಳಿಬಿಟ್ಟಿದ್ದರೂ ಸಹ. ಗ್ರಾಸ್ಮನ್ ಅವರದ್ದನ್ನು ರಾಬರ್ಟ್ ಚಾಂಡ್ಲರ್ ಅವರ ಇಂಗ್ಲಿಷ್ ಅನುವಾದದಲ್ಲಿ ಓದಬಹುದು. ಪಾತ್ರಗಳು ವಿಪರೀತ. ಒಂದು ಹಾಳೆಯಲ್ಲಿ ಯಾರು ಯಾರ ಮಗಳು, ಯಾರು ಯಾರ ಗಂಡ ಎಂದು ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಬ್ರೆಡ್ ಕೊಟ್ಟ ಹೆಂಗಸಿನ ಪುಟ ಮೂರನೇ ಭಾಗದಲ್ಲಿ ಬರುತ್ತದೆ. ಅಲ್ಲಿಗೆ ತಲುಪಿದಾಗ ನನಗೊಂದು ಸಾಲು ಬರೆಯಿರಿ.